ಟಾರ್ಪನ್ ಸ್ಪ್ರಿಂಗ್ಸ್: ಗ್ರೀಕ್ ವಲಸಿಗರ ಸ್ಪಂಜಿನ ಉದ್ದಿಮೆ

ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ, ಆಂಕ್ಲೋಟ್ ನದಿಯು ಮೆಕ್ಸಿಕೋ ಕೊಲ್ಲಿಯನ್ನು ಸೇರುವೆಡೆ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಪುಟ್ಟ ನಗರವಿದೆ. 2020ರ ಜನಗಣತಿಯಂತೆ ಇದರ ಜನಸಂಖ್ಯೆ ಸುಮಾರು 25 ಸಾವಿರ. ನಿವಾಸಿಗಳಲ್ಲಿ ಗ್ರೀಕ್ ಮೂಲದವರ ಪ್ರಮಾಣವು ಅಮೆರಿಕದ ಇತರ ನಗರಗಳಿಗಿಂತ ಇಲ್ಲಿ ಹೆಚ್ಚು. ಇವರ ಹಿರಿಯರನ್ನು ಇಷ್ಟು ದೂರ ಕರೆತಂದ ಸರಕು ಸ್ಪಂಜು.

ಸ್ಪಂಜು ಸಸ್ಯವಲ್ಲ, ಸಮುದ್ರತಳಕ್ಕೆ ಅಂಟಿಕೊಂಡು ಬೆಳೆಯುವ ಜೀವಿ. 1890ರ ದಶಕದ ಆರಂಭದಲ್ಲಿ ಜಾನ್ ಚೇನಿ ಎಂಬ ಉದ್ಯಮಿ ಇಲ್ಲಿ ಇದರ ವ್ಯಾಪಾರಕ್ಕೆ ತೊಡಗಿದನು. ಆಗಿನ ವಿಧಾನ ಸರಳವಾದುದು. ಗಾಜಿನ ತಳದ ಬಕೆಟ್ಟನ್ನು ನೀರಿಗಿಟ್ಟು ತಳವನ್ನು ನೋಡುವುದು, ಉದ್ದನೆಯ ಕೋಲಿನ ಕೊಕ್ಕೆಯಿಂದ ಸ್ಪಂಜನ್ನು ಕೀಳುವುದು. ಕೋಲು ಎಟುಕದ ಆಳದಲ್ಲಿದ್ದ ಉತ್ತಮ ಸರಕು ಅಲ್ಲಿಯೇ ಉಳಿಯುತ್ತಿತ್ತು.

1896ರಲ್ಲಿ ಚೇನಿಯ ಬಳಿ ಕೆಲಸಕ್ಕೆ ಬಂದ ಗ್ರೀಕ್ ವಲಸಿಗ ಜಾನ್ ಕೊಕೊರಿಸ್ ಈ ಕೊರತೆಯನ್ನು ಗುರುತಿಸಿದನು. ರಬ್ಬರಿನ ಉಡುಪು, ಲೋಹದ ಶಿರಸ್ತ್ರಾಣ ಹಾಗೂ ದೋಣಿಯಿಂದ ಗಾಳಿಯೊದಗಿಸುವ ಪಂಪು ಮೆಡಿಟರೇನಿಯನ್ನಿನಲ್ಲಿ ಆಗಲೇ ಬಳಕೆಯಲ್ಲಿದ್ದವು. 1905ರಲ್ಲಿ ಅವನು ಇವನ್ನು ಇಲ್ಲಿಗೆ ತಂದನು. ಯಂತ್ರವನ್ನು ತರಿಸುವುದು ಹಣದ ಮಾತು; ಅದನ್ನು ಧರಿಸಿ ಮುಳುಗಬಲ್ಲ ಕೈಗಳು ಎಲ್ಲಿಂದ ಬರಬೇಕು? ಆಗ ತುರ್ಕರ ಆಳ್ವಿಕೆಯಲ್ಲಿದ್ದ ಕಲಿಮ್ನೊಸ್, ಸಿಮಿ, ಹಾಲ್ಕಿ ದ್ವೀಪಗಳಲ್ಲಿ ತಲೆತಲಾಂತರದಿಂದ ಇದೇ ಕಸುಬು ನಡೆದಿತ್ತು. ಅಲ್ಲಿಂದ ನೂರಾರು ಮಂದಿ ಬಂದರು. ನಮ್ಮ ಅಭಿಪ್ರಾಯದಲ್ಲಿ ಬಂಡವಾಳಕ್ಕಿಂತ ಮಿಗಿಲಾಗಿ ಈ ಕೌಶಲವೇ ಊರನ್ನು ಕಟ್ಟಿತು.

ವಿರೋಧವೂ ಇಲ್ಲದಿರಲಿಲ್ಲ. ಮುಳುಗುಗಾರರ ಭಾರವಾದ ಸೀಸದ ಪಾದರಕ್ಷೆಗಳು ಎಳೆಯ ಸ್ಪಂಜುಗಳನ್ನು ತುಳಿದು ಹಾಳುಮಾಡುತ್ತವೆಂದು ಕೀ ವೆಸ್ಟಿನ ಕೊಕ್ಕೆಗಾರರು ದೂರಿದರು. ಗ್ರೀಕರ ದೋಣಿಗಳಿಗೆ ಬೆಂಕಿಯಿಟ್ಟ ಪ್ರಸಂಗವೂ ನಡೆಯಿತು. ಆಳದಿಂದ ಅವಸರವಾಗಿ ಮೇಲೆ ಬಂದವರನ್ನು ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳುವ ವ್ಯಾಧಿಯು ಅಂಗವಿಕಲರನ್ನಾಗಿಸುತ್ತಿತ್ತು, ಕೆಲವೊಮ್ಮೆ ಜೀವವನ್ನೇ ತೆಗೆಯುತ್ತಿತ್ತು. ದೋಣಿಯ ಆದಾಯದಲ್ಲಿ ಖರ್ಚು ಕಳೆದು ಉಳಿದುದನ್ನು ಪಾಲು ಹಂಚುವ ಪದ್ಧತಿಯಿದ್ದು, ಮುಳುಗುಗಾರನ ಪಾಲು ಸಾಮಾನ್ಯ ಕೆಲಸಗಾರನದಕ್ಕಿಂತ ದೊಡ್ಡದಾಗಿತ್ತು. ಪ್ರಾಣವನ್ನೊತ್ತೆಯಿಟ್ಟವನಿಗೆ ಅದು ಹೆಚ್ಚೇನಲ್ಲ.

ಹೊರತೆಗೆದ ಸ್ಪಂಜಿಗೆ ಕಪ್ಪು ಚರ್ಮ ಹೊದೆದಿರುತ್ತದೆ. ಒದ್ದೆ ಗೋಣಿಯಡಿ ಕೆಲವು ದಿನ ಕೊಳೆಯಿಸಿ, ಹೆರೆದು, ತೊಳೆದು, ದಾರದಲ್ಲಿ ಪೋಣಿಸಿ ಒಣಗಿಸುತ್ತಾರೆ. ದುರ್ವಾಸನೆಯನ್ನು ಹೇಳತೀರದು! ಉಳಿಯುವ ಮೃದುವಾದ ಅಸ್ಥಿಜಾಲವೇ ಮಾರಾಟದ ಸರಕು. ಇದರಲ್ಲಿ ಉಣ್ಣೆ ಸ್ಪಂಜಿಗೆ ಬೆಲೆ ಅಧಿಕ. 1900ರ ದಶಕದ ಕೊನೆಗೆ ಸ್ಥಾಪಿತವಾದ ಸ್ಪಂಜು ವಿನಿಮಯ ಕೇಂದ್ರದ ಅಂಗಳದಲ್ಲಿ ರಾಶಿಗಳನ್ನಿಟ್ಟು, ಖರೀದಿದಾರರಿಂದ ಮೊಹರು ಮಾಡಿದ ಚೀಟಿಗಳಲ್ಲಿ ದರ ಪಡೆಯಲಾಗುತ್ತಿತ್ತು. ನಮ್ಮ ಅಡಿಕೆ ಮಾರುಕಟ್ಟೆಯ ಟೆಂಡರ್ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1930ರ ದಶಕದ ಕೊನೆಯಲ್ಲಿ ರೋಗವೊಂದು ಈ ಪ್ರದೇಶದ ಸ್ಪಂಜಿಗೆ ತಗುಲಿತು. 1947ರಲ್ಲಿ ಕೊಲ್ಲಿಯ ನೀರಿನಲ್ಲಿ ವಿಷಕಾರಿ ಸೂಕ್ಷ್ಮ ಪಾಚಿ ಹಬ್ಬಿ, 'ಕೆಂಪು ಉಬ್ಬರ'ವೆನಿಸಿದ ಆ ವಿಪತ್ತಿನಿಂದ ಸ್ಪಂಜಿನ ನೆಲೆಗಳು ಹಾಳಾದವು. ಸರಕು ಸಿಗದ ಆ ಸಮಯದಲ್ಲಿ ಕೃತಕ ಸ್ಪಂಜು ಅಗ್ಗದ ದರಕ್ಕೆ ಅಡುಗೆಮನೆಯನ್ನು ಹೊಕ್ಕಿತು. ನೆಲೆಗಳು ಕ್ರಮೇಣ ಚೇತರಿಸಿಕೊಂಡರೂ ಕಳೆದುಹೋದ ಗ್ರಾಹಕರೆಲ್ಲ ಹಿಂದಿರುಗಲಿಲ್ಲ. 1980ರ ದಶಕದಲ್ಲಿ ಮೆಡಿಟರೇನಿಯನ್ ಸ್ಪಂಜಿಗೆ ರೋಗ ತಗುಲಿದಾಗ ಫ್ಲಾರಿಡಾದ ಮಾಲಿಗೆ ಮತ್ತೆ ಬೇಡಿಕೆ ಕುದುರಿತು.

ಈ ನಡುವೆ ಊರು ತನ್ನ ಪರಂಪರೆಯನ್ನೇ ಮಾರಾಟಯೋಗ್ಯವಾಗಿಸಿಕೊಂಡಿತು. 1953ರಲ್ಲಿ ಇಲ್ಲಿನ ಮುಳುಗುಗಾರರ ಕುರಿತ ಹಾಲಿವುಡ್ ಚಲನಚಿತ್ರವೊಂದು ತೆರೆಕಂಡಿತು. ಪ್ರತಿ ಜನವರಿ 6ರಂದು ನೀರಿಗೆಸೆದ ಶಿಲುಬೆಗಾಗಿ ಯುವಕರು ಧುಮುಕುವ ಧಾರ್ಮಿಕ ಉತ್ಸವಕ್ಕೆ ಸಾವಿರಾರು ಜನ ಬರುತ್ತಾರೆ. ಹಳೆಯ ವಿನಿಮಯ ಕೇಂದ್ರದ ಸ್ಥಳದಲ್ಲಿ ಈಗ ಅಂಗಡಿಗಳ ಸಂಕೀರ್ಣವಿದೆ. 2014ರಲ್ಲಿ ಗ್ರೀಕ್ ಬಡಾವಣೆಯು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ದೋಣಿಗಳ ಸಂಖ್ಯೆ ಇಂದು ಅಲ್ಪ. ಆದರೂ ಕಸುಬು ನಿಂತಿಲ್ಲ. ಐದು ಅಂಗುಲಕ್ಕಿಂತ ಕಿರಿದಾದ ಸ್ಪಂಜನ್ನು ತೆಗೆಯುವಂತಿಲ್ಲ. ಕೊಕ್ಕೆಯಿಂದ ಕೀಳುವ ಬದಲು ಬುಡವನ್ನು ಉಳಿಸಿ ಚಾಕುವಿನಿಂದ ಕತ್ತರಿಸಿದರೆ, ಕೆಲವು ವರ್ಷಗಳಲ್ಲಿ ಅದೇ ಬುಡದಿಂದ ಸ್ಪಂಜು ಮತ್ತೆ ಬೆಳೆಯುತ್ತದೆ.