ಮನೆಯ ನೂಲು, ಮನೆಯ ಹೆಣಿಗೆ

ನೂಲುವುದೆಂದರೆ ಚರಕದ ಮುಂದೆ ಕುಳಿತ ಗಾಂಧೀಜಿಯವರ ಚಿತ್ರವೇ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುತ್ತದೆ. ಚಿತ್ರಕ್ಕೆ ಕೈಮುಗಿದು, ಅದು ನಮ್ಮ ಸಂಸಾರಕ್ಕೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಾಗುತ್ತೇವೆ. ಆದರೆ ಡೊಂಬಿವಲಿ ಎಂಐಡಿಸಿಯ ನಮ್ಮ ಕನ್ನಡ ಮನೆಗಳಲ್ಲಿ ದೇವರ ಗೂಡಿನ ಬಳಿ ಅರಳೆಯ ಪೊಟ್ಟಣ ಇಂದಿಗೂ ಕಾಣಸಿಗುತ್ತದೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಅಜ್ಜಿಯಂದಿರು ಬತ್ತಿ ಹೊಸೆಯುತ್ತಾರೆ. ಗೌರೀಹಬ್ಬ ಬಂತೆಂದರೆ ಗೆಜ್ಜೆವಸ್ತ್ರ ಸಿದ್ಧವಾಗುತ್ತದೆ. ಜನಿವಾರಕ್ಕಾಗಿ ತಕಲಿಯಲ್ಲಿ ನೂಲು ತೆಗೆಯುತ್ತಿದ್ದ ಹಿರಿಯರ ನೆನಪೂ ಕೆಲವು ಮನೆಗಳಲ್ಲಿ ಉಂಟು. ನೂಲುವ ವಿದ್ಯೆಯ ಅರ್ಧ ಭಾಗ ನಮ್ಮಲ್ಲಿ ಇನ್ನೂ ಉಳಿದಿದೆಯೆಂದೇ ಹೇಳಬೇಕು. ಉಳಿದರ್ಧವನ್ನು ಕಲಿತು, ಆ ನೂಲಿನಿಂದಲೇ ಒಂದು ಜಾಲರಿ ಸ್ಕಾರ್ಫು ಹೆಣೆಯುವ ಬಗೆಯನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಕನ್ನಡಿಗರಿಗೆ ಈ ವಿದ್ಯೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಯ ಕಾಯಕವೇ ನೂಲುವುದಾಗಿತ್ತು. ಕದಿರು ಆಕೆಯ ಹೆಸರಿನಲ್ಲೇ ಸೇರಿಹೋಗಿದೆ. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ಸು, ಸದಸ್ಯರಾಗುವವರು ತಿಂಗಳಿಗೆ ೨೦೦೦ ಗಜ ನೂಲು ಕೊಡಬೇಕೆಂದು ಗೊತ್ತುಪಡಿಸಿತು. ೧೯೫೭ರಲ್ಲಿ ಹುಟ್ಟಿದ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇಂದು ರಾಷ್ಟ್ರಧ್ವಜಕ್ಕಾಗಿ ಹೆಸರಾಗಿದೆ. ಆ ಧ್ವಜದ ಹಿಂದೆಯೂ ಕೈಯಿಂದ ತೆಗೆದ ನೂಲೇ ಇದೆ.

ಇನ್ನು ನಾವಿರುವ ಊರಿನ ಹವೆಯೂ ಈ ಕೆಲಸಕ್ಕೆ ಅನುಕೂಲವಾದುದು. ಒಣ ಹವೆಯಲ್ಲಿ ಹತ್ತಿಯ ಎಳೆ ಬೇಗ ಹರಿಯುತ್ತದೆ. ತೇವವಿದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ಮುಂಬಯಿಯ ಹತ್ತಿ ಗಿರಣಿಗಳಿಗೂ ಈ ಕಡಲ ಗಾಳಿ ಒದಗಿಬಂದಿತು. ಬಟ್ಟೆ ಒಣಗಲೊಲ್ಲದೆಂದು ನಾವು ಬೈಯುವ ಡೊಂಬಿವಲಿಯ ಮಳೆಗಾಲವೇ ನೂಲಲು ಒಳ್ಳೆಯ ಕಾಲ.

ಬೇಕಾದ ಸಾಮಾನು ಬಹಳವಿಲ್ಲ. ಒಂದು ತಕಲಿ, ಒಂದಿಷ್ಟು ಹಂಜಿ ಸಾಕು. ಕೈ ಪಳಗಿದ ಮೇಲೆ ಪೆಟ್ಟಿಗೆ ಚರಕ ತಂದುಕೊಳ್ಳಬಹುದು. ೧೯೩೦ರಲ್ಲಿ ಗಾಂಧೀಜಿ ಯರವಡಾ ಸೆರೆಮನೆಯಲ್ಲಿದ್ದಾಗ ರೂಪುಗೊಂಡ ಈ ಚರಕವನ್ನು ಮಡಿಸಿದರೆ ಪುಸ್ತಕದಂತೆ ಕಪಾಟಿನಲ್ಲಿ ಇಡಬಹುದು. ಎರಡು ಕೋಣೆಯ ಮನೆಗೂ ಅದು ಭಾರವಾಗದು.

ಹಂಜಿಯನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು, ಬಲಗೈಯಿಂದ ತಕಲಿಯನ್ನು ತಿರುಗಿಸಬೇಕು. ಹತ್ತಿಯ ನಾರು ಎರಡು ಮೂರು ಸೆಂಟಿಮೀಟರು ಮಾತ್ರ ಉದ್ದ. ಅವಸರದಿಂದ ಎಳೆದರೆ ಜಾರಿಹೋಗುತ್ತದೆ. ಆ ಪುಟ್ಟ ನಾರುಗಳನ್ನು ಒಂದಕ್ಕೊಂದು ಕಟ್ಟಿಹಾಕುವುದು ಹುರಿ. ಹುರಿ ಕಡಿಮೆಯಾದರೆ ಎಳೆ ಬಿಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಗಂಟುಗಂಟಾಗುತ್ತದೆ. ಬತ್ತಿ ಹೊಸೆದು ಪಳಗಿದ ಬೆರಳಿಗೆ ಈ ಹದ ಬೇಗ ತಿಳಿಯುತ್ತದೆ. ಹೀಗೆ ತೆಗೆದ ಎರಡು ಎಳೆಗಳನ್ನು ಸೇರಿಸಿ, ಮೊದಲು ತಿರುಗಿಸಿದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ ಹುರಿ ಹಾಕಬೇಕು. ಬಳಿಕ ಲಡಿ ಮಾಡಿ, ನೀರಿನಲ್ಲಿ ಕುದಿಸಿ ಒಣಗಿಸಿದರೆ ಹುರಿ ನೆಲೆಗೊಳ್ಳುತ್ತದೆ. ಹತ್ತಿಯ ಮೇಣದಂಶ ಹೋಗುವುದರಿಂದ ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ.

ಹೆಣಿಗೆಗೆ ೮ನೆಯ ನಂಬರಿನ, ಎಂದರೆ ೪ ಮಿಲಿಮೀಟರಿನ ಸೂಜಿಗಳು ಆಗುತ್ತವೆ. ೪೪ ಕುಣಿಕೆ ಹಾಕಿಕೊಳ್ಳಿರಿ. ಪ್ರತಿ ಸಾಲಿನಲ್ಲೂ ಮೊದಲ ಎರಡು ಕುಣಿಕೆಗಳನ್ನು ನೇರ ಹೆಣೆದು, ಆಮೇಲೆ ಸೂಜಿಗೆ ನೂಲನ್ನು ಒಮ್ಮೆ ಸುತ್ತಿ, ಮುಂದಿನ ಎರಡನ್ನು ಒಟ್ಟಿಗೆ ಹೆಣೆಯಬೇಕು. ಇದನ್ನು ೨೦ ಸಲ ಮಾಡಿದರೆ ಕೊನೆಗೆ ಎರಡು ಉಳಿಯುತ್ತವೆ. ಅವನ್ನೂ ನೇರ ಹೆಣೆಯಿರಿ. ನೂಲು ಸುತ್ತಿದ ಕಡೆ ಒಂದು ಕುಣಿಕೆ ಹೆಚ್ಚುತ್ತದೆ, ಜೋಡಿಸಿದ ಕಡೆ ಒಂದು ಇಳಿಯುತ್ತದೆ. ಆದುದರಿಂದ ಲೆಕ್ಕ ಯಾವಾಗಲೂ ೪೪ ಆಗಿಯೇ ಇರುತ್ತದೆ. ಎಲ್ಲ ಸಾಲಿಗೂ ಇದೇ ಕ್ರಮ. ಹಾಗಾಗಿ ಹೊಸಬರಿಗೂ ಕಷ್ಟವಿಲ್ಲ. ತೊಡಕಾದರೆ ಹೆಣಿಗೆ ಬಲ್ಲ ನೆರೆಮನೆಯ ಮರಾಠಿ ಸೋದರಿಯರನ್ನು ಕೇಳಬಹುದು. ನೇರ ಹೆಣಿಗೆಗೆ ಅವರು ‘ಸುಲಟ’ ಎನ್ನುತ್ತಾರೆ. ಮುಗಿದ ಮೇಲೆ ಒದ್ದೆ ಮಾಡಿ, ಮಂಚದ ಮೇಲೆ ಅಗಲವಾಗಿ ಎಳೆದು, ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿ ಒಣಗಿಸಬೇಕು. ಉಣ್ಣೆಯಂತೆ ಹತ್ತಿಗೆ ಹಿಗ್ಗಿ ಕುಗ್ಗುವ ಗುಣವಿಲ್ಲ. ಜಾಲರಿಯ ಕಣ್ಣು ತೆರೆಯುವುದು ಈ ಎಳೆತದಿಂದಲೇ.

ಇಷ್ಟೆಲ್ಲ ಮಾಡಿದರೆ ಹಣ ಉಳಿಯುತ್ತದೆಯೇ ಎಂದು ಕೇಳಬಹುದು. ಉಳಿಯುವುದಿಲ್ಲ. ಪೇಟೆಯಲ್ಲಿ ಸ್ಕಾರ್ಫು ಅಗ್ಗವಾಗಿಯೇ ಸಿಗುತ್ತದೆ. ಆದರೆ ಇಲ್ಲಿ ಬೇರೊಂದು ಲೆಕ್ಕವನ್ನೂ ನೋಡಬೇಕು. ಇಂಥ ಸ್ಕಾರ್ಫಿಗೆ ೨೫೦ ಮೀಟರು ನೂಲು ಹಿಡಿಯಿತೆಂದು ಇಟ್ಟುಕೊಂಡರೆ, ಒಂಟಿ ಎಳೆ ೫೦೦ ಮೀಟರು ತೆಗೆಯಬೇಕು. ಎಂದರೆ ಅರ್ಧ ಲಡಿ. ತಕಲಿಯಲ್ಲಿ ಹೊಸಬರಿಗೆ ಅದು ಹಲವು ಮಧ್ಯಾಹ್ನಗಳ ಕೆಲಸ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೨೦೨೫ರ ಏಪ್ರಿಲಿನಿಂದ ಕೊಡುವುದೆಂದು ಸಾರಿದ ಕೂಲಿ, ೧೦೦೦ ಮೀಟರಿನ ಒಂದು ಲಡಿಗೆ ೧೫ ರೂಪಾಯಿ. ಆ ಲೆಕ್ಕದಲ್ಲಿ ನಮ್ಮ ಅರ್ಧ ಲಡಿಯ ಬೆಲೆ ಏಳೂವರೆ ರೂಪಾಯಿ! ಹಲವು ಕದಿರಿನ ಚರಕದಲ್ಲಿ ಅವರು ದಿನಕ್ಕೆ ಬಹಳ ಲಡಿ ತೆಗೆಯುವುದು ನಿಜ. ಆದರೂ ಒಮ್ಮೆ ತಾನೇ ನೂತವಳು ಖಾದಿ ಅಂಗಡಿಯಲ್ಲಿ ಬೆಲೆ ಹೆಚ್ಚಾಯಿತೆಂದು ಚೌಕಾಸಿಗೆ ನಿಲ್ಲಲಾರಳು.

ಇದಕ್ಕಿಂತ ಹತ್ತಿರದ ಮಾತೊಂದಿದೆ. ಮಗ ಸೊಸೆ ಬೆಳಗಿನ ಲೋಕಲ್ ಹಿಡಿದು ಹೋದ ಮೇಲೆ, ಊರಿನಿಂದ ಬಂದ ಹಿರಿಯ ಹೆಣ್ಣುಮಕ್ಕಳಿಗೆ ಬ್ಲಾಕಿನ ನಾಲ್ಕು ಗೋಡೆಗಳೇ ಗತಿಯಾಗುತ್ತವೆ. ಹೊಲ ಮನೆ ಹಿತ್ತಲು ನೋಡಿಕೊಂಡ ಕೈಗಳಿಗೆ ಇಲ್ಲಿ ಕೆಲಸವಿಲ್ಲ; ಅವರು ಬಲ್ಲದ್ದನ್ನು ಕೇಳುವವರೂ ಇಲ್ಲ. ಅರಳೆಯ ಹದ ಅಜ್ಜಿಗೆ ಗೊತ್ತು. ಸೂಜಿಯ ಲೆಕ್ಕವನ್ನು ಮೊಮ್ಮಗಳು ಬೇಗ ಕಲಿಯುತ್ತಾಳೆ. ಅಜ್ಜಿ ನೂತದ್ದನ್ನು ಮೊಮ್ಮಗಳು ಹೆಣೆದರೆ, ಸ್ಕಾರ್ಫಿನ ಜೊತೆಗೆ ನಾಲ್ಕು ಕನ್ನಡದ ಮಾತೂ ಹುಟ್ಟುತ್ತದೆ. ಹಂಜಿ, ಎಳೆ, ಹುರಿ, ಲಡಿ, ಕದಿರು ಎಂಬ ಶಬ್ದಗಳನ್ನು ಶಾಲೆಯ ಪುಸ್ತಕ ಕಲಿಸಲಾರದು.

ಬರುವ ರಜೆಯಲ್ಲಿ ಊರಿಗೆ ಹೋದವರು ಹುಬ್ಬಳ್ಳಿ ಧಾರವಾಡದ ಖಾದಿ ಭಂಡಾರಗಳಲ್ಲಿ ಹಂಜಿ, ತಕಲಿಗಳನ್ನು ವಿಚಾರಿಸಿ ತರಲಿ. ಮೊದಲ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿಯೇ ಬರುತ್ತದೆ. ಅದರಿಂದ ಎದೆಗುಂದಬೇಕಾಗಿಲ್ಲ, ಜಾಲರಿಯ ಹೆಣಿಗೆಯಲ್ಲಿ ಅದೂ ಒಂದು ಚೆಲುವಾಗಿ ಕಾಣುತ್ತದೆ.