ಕಣ್ಣೊಳಗೆ ಕಾವಲು ಸುಮ್ಮನಿರುವುದೇಕೆ?

ಮೈಯಲ್ಲೆಲ್ಲಾದರೂ ಗೆಡ್ಡೆ ಕಂಡರೆ ವೈದ್ಯರು ಮೊದಲು ಹೇಳುವುದು ‘ಬಯಾಪ್ಸಿ ಮಾಡಿಸಿ’ ಎಂದು. ಮಗುವಿನ ಕಣ್ಣಿನಲ್ಲಿ ರೆಟಿನೊಬ್ಲಾಸ್ಟೊಮಾ, ಅಂದರೆ ಅಕ್ಷಿಪಟಲದ ಕ್ಯಾನ್ಸರ್ ಇರಬಹುದೆಂಬ ಅನುಮಾನ ಬಂದಾಗ ಮಾತ್ರ ಆ ಮಾತು ಎತ್ತುವಂತಿಲ್ಲ. ಸೂಜಿ ಹೋದ ದಾರಿಯಲ್ಲೇ ಕ್ಯಾನ್ಸರ್ ಕೋಶಗಳು ಹೊರಬಿದ್ದು ಹರಡಬಹುದು. ಹಾಗಾಗಿ ಗೆಡ್ಡೆಯ ತುಣುಕು ಪ್ರಯೋಗಾಲಯಕ್ಕೆ ಸಿಗುವುದು, ಹೆಚ್ಚಾಗಿ, ಮಗುವಿನ ಜೀವ ಉಳಿಸಲು ಕಣ್ಣನ್ನೇ ತೆಗೆದಾಗ. ಬೆಂಗಳೂರಿನಲ್ಲಿ ಈ ಕ್ಯಾನ್ಸರ್ ಕುರಿತು ನಡೆಯುವ ಸಂಶೋಧನೆಗೂ ಇದೇ ಮಿತಿ.

ಕಣ್ಣಿನ ಕ್ಯಾನ್ಸರಿನ ಬೆನ್ನು ಹತ್ತಿದವರಿಗೆ ಕಾಡುವ ಪ್ರಶ್ನೆ ಹಳೆಯದು: ಎಲ್ಲೆಡೆ ಕಾವಲಿರುವ ರೋಗನಿರೋಧಕ ಕೋಶಗಳು ಇಲ್ಲೇಕೆ ಮೆತ್ತಗಾಗುತ್ತವೆ? 1873ರಲ್ಲಿ ವಾನ್ ಡೋರೆಮಾಲ್ ಇಲಿಯ ಚರ್ಮವನ್ನು ನಾಯಿಯ ಕಣ್ಣೊಳಗೆ ಇಟ್ಟು ನೋಡಿದರು. ಬೇರೆ ಕಡೆಯಾದರೆ ದೇಹ ಬೇಗ ತಿರಸ್ಕರಿಸಬೇಕಿದ್ದ ತುಣುಕು ಅಲ್ಲಿ ಬಹುಕಾಲ ಉಳಿಯಿತು. 1948ರಲ್ಲಿ ಪೀಟರ್ ಮೆಡವಾರ್ ಮೊಲಗಳ ಮೇಲೆ ಪ್ರಯೋಗ ಮಾಡಿ, ಕಣ್ಣಿಗೆ ವಿಶೇಷ ರಿಯಾಯಿತಿ ಇದೆಯೆಂಬುದನ್ನು ವಿಜ್ಞಾನದ ಚರ್ಚೆಗೆ ತಂದರು.

ಈ ರಿಯಾಯಿತಿಗೆ ಕಾರಣವಿದೆ. ಉರಿಯೂತವು ಕೋಶಗಳನ್ನು ಹಾಳುಗೆಡವಿಯಾದರೂ ಸೋಂಕನ್ನು ಹಿಮ್ಮೆಟ್ಟಿಸುತ್ತದೆ. ಚರ್ಮ ಮತ್ತೆ ಬೆಳೆಯುತ್ತದೆ, ಅಕ್ಷಿಪಟಲ ಬೆಳೆಯುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಬಳೆ ಅಂಗಡಿಯೊಳಗೆ ಲಾಠಿ ಬೀಸಿದರೆ ಕಳ್ಳ ಸಿಕ್ಕರೂ ಅಂಗಡಿ ಉಳಿಯದು.

1977ರಲ್ಲಿ ಹೆನ್ರಿ ಕಪ್ಲಾನ್ ಮತ್ತು ವೇಯ್ನ್ ಸ್ಟ್ರೈಲೈನ್, ಇದು ಬರೀ ಮರೆಯಲ್ಲ, ದೇಹವೇ ನಡೆಸುವ ಏರ್ಪಾಟು ಎಂದು ತೋರಿಸಿದರು. ಕಣ್ಣಿನ ಮುಂಭಾಗಕ್ಕೆ ಬಂದ ಪರಕೀಯ ವಸ್ತುವಿನ ಸುದ್ದಿ ಗುಲ್ಮಕ್ಕೆ ತಲುಪುತ್ತದೆ. ‘ದಾಳಿ ಬೇಡ’ ಎಂಬ ಆದೇಶ ಅಲ್ಲಿಂದಲೇ ಹೊರಡುತ್ತದೆ. ಗುಲ್ಮ ತೆಗೆದ ಇಲಿಗಳಲ್ಲಿ ಈ ಏರ್ಪಾಟು ಕುಸಿಯುತ್ತದೆ. ಅಮೆರಿಕದ ಡಲ್ಲಾಸ್‌ನಲ್ಲಿ ಸಂಶೋಧಕ ಜೆರ್ರಿ ನೀಡರ್‌ಕಾರ್ನ್ ಇಲಿಗಳ ಕಣ್ಣಿಗೆ ಗೆಡ್ಡೆಯ ಕೋಶಗಳನ್ನೇ ಬಿಟ್ಟು ನೋಡಿದರು. ಚರ್ಮದಡಿ ಸಾಯುವ ಕೋಶಗಳು ಕಣ್ಣಿನಲ್ಲಿ ಬೆಳೆದವು. ಕಣ್ಣಿನ ದ್ರವದಲ್ಲಿ ನೈಸರ್ಗಿಕ ಹಂತಕ ಕೋಶಗಳನ್ನು ತಡೆಯುವ ಪ್ರೋಟೀನು ಇರುವುದನ್ನೂ ಅವರ ತಂಡ ಕಂಡುಕೊಂಡಿತು.

ರೋಗನಿರೋಧಕ ಕೋಶಗಳನ್ನೇ ಬಳಸುವ ಚಿಕಿತ್ಸೆ ಈಗಾಗಲೇ ಸಿಕ್ಕಿರುವುದು ವಯಸ್ಕರ ಕಣ್ಣಿನ ಕ್ಯಾನ್ಸರಾದ ಯೂವಿಯಲ್ ಮೆಲನೋಮಾಕ್ಕೆ. ಬಿಳಿಯರಲ್ಲಿ ಹೆಚ್ಚು, ನಮ್ಮಲ್ಲಿ ವಿರಳವಾದ ಈ ಕ್ಯಾನ್ಸರ್ ಸುಮಾರು ಅರ್ಧದಷ್ಟು ರೋಗಿಗಳಲ್ಲಿ, ಹೆಚ್ಚಾಗಿ ಯಕೃತ್ತಿಗೆ, ಹರಡುತ್ತದೆ. ಗೆಡ್ಡೆಯನ್ನು ಒಂದು ಕೈಯಲ್ಲಿ, ರೋಗನಿರೋಧಕ ಟಿ-ಕೋಶವನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂಡಿಸುವ ಟೆಬೆಂಟಾಫಸ್ಪ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2022ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಪರೀಕ್ಷೆಯಲ್ಲಿ ಅದನ್ನು ಪಡೆದವರಲ್ಲಿ ಶೇಕಡಾ 73 ಜನ ಒಂದು ವರ್ಷದ ಬಳಿಕ ಬದುಕಿದ್ದರು. ಬೇರೆ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 59. ಕೋಶಗಳ ಗುರುತಿನ ಪ್ರೋಟೀನಾದ ಎಚ್‌ಎಲ್‌ಎಯ ಒಂದು ನಿರ್ದಿಷ್ಟ ಮಾದರಿ ಇರುವವರಿಗಷ್ಟೇ ಅದು ಸಲ್ಲುತ್ತದೆ.

ನಮ್ಮ ಚಿಂತೆ ಮಕ್ಕಳದು. ರೆಟಿನೊಬ್ಲಾಸ್ಟೊಮಾ ಸುಮಾರು 16,000ದಿಂದ 18,000 ಜನನಗಳಿಗೆ ಒಂದರಂತೆ ಬರುತ್ತದೆ. ಬೆಂಗಳೂರಿನ ಇಂದಿರಾನಗರದಲ್ಲೂ ಶಾಖೆಯಿರುವ ನಾರಾಯಣ ನೇತ್ರಾಲಯದಲ್ಲಿ ಈ ಮಕ್ಕಳ ಚಿಕಿತ್ಸೆ ನೋಡುತ್ತಿದ್ದ ಅಶ್ವಿನ್ ಮಲ್ಲಿಪಟ್ನ ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. 2017ರ ಅಮೆರಿಕದ ಎಜೆಸಿಸಿ ಕ್ಯಾನ್ಸರ್ ಹಂತ ನಿರ್ಣಯ ಕೈಪಿಡಿಯ ರೆಟಿನೊಬ್ಲಾಸ್ಟೊಮಾ ಅಧ್ಯಾಯಕ್ಕೆ ಅವರೇ ಮೊದಲ ಲೇಖಕರು. ಕ್ಯಾನ್ಸರಿನ ಹಂತ ಬರೆಯುವಾಗ ಆನುವಂಶಿಕತೆಯನ್ನೂ ಸೇರಿಸಿದ ಮೊದಲ ಅಧ್ಯಾಯ ಅದು. ಅದೇ ಸಂಸ್ಥೆಯ ಬೊಮ್ಮಸಂದ್ರದ ಪ್ರಯೋಗಾಲಯದಲ್ಲಿ ಅರ್ಕಶುಭ್ರ ಘೋಷ್ ಅವರ ತಂಡ, ಮಲ್ಲಿಪಟ್ನ ಅವರೊಂದಿಗೆ, ಗೆಡ್ಡೆಯ ಅಂಗಾಂಶವನ್ನೂ ಕಣ್ಣೊಳಗಿನ ವಿಟ್ರಿಯಸ್ ದ್ರವವನ್ನೂ ಜೊತೆಗಿಟ್ಟು ವಿಶ್ಲೇಷಿಸಿ 2022ರಲ್ಲಿ ‘ಸೆಲ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಮುಂದುವರಿದ ಗೆಡ್ಡೆಗೂ ಅಷ್ಟು ಮುಂದುವರಿಯದ ಗೆಡ್ಡೆಗೂ ಒಳಗೇನು ವ್ಯತ್ಯಾಸ ಎಂಬುದು ಅಲ್ಲಿನ ಹುಡುಕಾಟ.

ದ್ರವದತ್ತ ಗಮನ ಹೊರಳಿದ್ದು ಸುಮ್ಮನಲ್ಲ. ಕಣ್ಣಿನ ಮುಂಭಾಗದ ದ್ರವದಲ್ಲಿ ಗೆಡ್ಡೆಯ ಡಿಎನ್‌ಎ ಸಿಗುತ್ತದೆಂದು ಲಾಸ್ ಏಂಜಲೀಸ್‌ನ ಜೆಸ್ಸಿ ಬೆರ್ರಿ ಅವರ ತಂಡ 2017ರಲ್ಲಿ ತೋರಿಸಿತ್ತು. ಗೆಡ್ಡೆ ಮುಟ್ಟದೆ, ಕಣ್ಣು ತೆಗೆಯದೆ ರೋಗದ ನಡೆ ಓದುವ ದಾರಿ ಅದರಿಂದ ತೆರೆಯಿತು.

ನಮ್ಮಲ್ಲಿ ಸಂಶೋಧನೆಗೆ ಅಂಗಾಂಶ ಹೆಚ್ಚು ಸಿಗುವುದಕ್ಕೆ ಹೆಮ್ಮೆಪಡುವಂತಿಲ್ಲ. ಮಕ್ಕಳು ತಡವಾಗಿ ಬರುತ್ತಾರೆ, ಆಗ ಎಷ್ಟೋ ಸಲ ಕಣ್ಣು ಉಳಿಸುವ ಮಾತೇ ಇರುವುದಿಲ್ಲ. ಈ ಕಾಯಿಲೆಯ ಆರಂಭದಲ್ಲಿ ಸಾಮಾನ್ಯವಾಗಿ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊಬೈಲ್ ಫ್ಲ್ಯಾಶಿನಲ್ಲಿ ತೆಗೆದ ಫೋಟೊದಲ್ಲಿ ಪಾಪೆ ಬೆಳ್ಳಗೆ ಹೊಳೆಯುವುದು ಅಥವಾ ಮೆಳ್ಳಗಣ್ಣು, ಇಷ್ಟೇ ಸುಳಿವು. ಕೆ.ಆರ್. ಪುರದವರಾಗಲಿ ಹಲಸೂರಿನವರಾಗಲಿ, ಆ ಹೊಳಪು ಕಂಡರೆ ‘ದೊಡ್ಡದಾದ ಮೇಲೆ ಸರಿಹೋಗುತ್ತೆ’ ಎಂದು ಕಾಯಬಾರದು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗವಿದೆ. ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಅಕ್ಷಿಪಟಲ ನೋಡಿಸಬೇಕು, ಅದೂ ಅದೇ ವಾರ.