ಸಿನಿಮಾದೊಳಗೊಂದು ಸಿನಿಮಾ: ಲೈಟು ಹೊತ್ತವನೆಲ್ಲಿ ಸ್ವಾಮಿ?

ಸಿನಿಮಾದವರು ತಮ್ಮ ಬಗ್ಗೆಯೇ ಸಿನಿಮಾ ತೆಗೆದರೆ ಅದರಲ್ಲಿ ಏನಿರುತ್ತೆ? ಒಬ್ಬ ಕುಡುಕ ನಿರ್ದೇಶಕ, ಕಣ್ಣೀರಿಡುವ ಒಬ್ಬ ತಾರೆ, ಕತ್ತಿನ ತುಂಬ ಚಿನ್ನ ಹಾಕಿಕೊಂಡ ಫೈನಾನ್ಶಿಯರ್, ಮೂಲೆಯಲ್ಲೊಂದು ಕ್ಯಾಮೆರಾ. ಮುಗೀತು! ಮೂಡಿಗೆರೆ, ಕಳಸದ ಕಡೆಯ ನಮ್ಮಂಥ ಅಭಿಮಾನಿಗಳಿಗೆ ಇಷ್ಟು ಸಾಲದು ಮಾರಾಯ್ರೆ. ಯಾಕಂದ್ರೆ ನಾವು ಶೂಟಿಂಗನ್ನೇ ಕಣ್ಣಾರೆ ಕಂಡವರು.

1967ರಲ್ಲಿ ತೆರೆಕಂಡ 'ಬೆಳ್ಳಿಮೋಡ'ಕ್ಕಾಗಿ ಪುಟ್ಟಣ್ಣ ಕಣಗಾಲ್ ಚಿಕ್ಕಮಗಳೂರಿನ ಕಾಫಿ ಸೀಮೆಗೆ ಕ್ಯಾಮೆರಾ ತಂದರು. ಆ ತೋಟ, ಆ ಮೋಡ, ಮಿನುಗುತಾರೆ ಕಲ್ಪನಾ... ಅಲ್ಲಿಂದೀಚೆಗೆ ಗುಡ್ಡ ಹತ್ತಿ ಬಂದ ಯೂನಿಟ್ಟುಗಳಿಗೆ ಲೆಕ್ಕವಿಲ್ಲ. ಹತ್ತಿರ ನಿಂತು ನೋಡಿ, ಆಮೇಲೆ ಹೇಳಿ. ಬೆಳಿಗ್ಗೆ ಆರಕ್ಕೇ ಜನರೇಟರ್ ವ್ಯಾನು ಬಂದಿರುತ್ತೆ. ಟ್ರಾಲಿ ಹಳಿ ಜೋಡಿಸಲು ಇಳಿಜಾರಿನಲ್ಲಿ ಕಲ್ಲು, ಹಲಗೆ ಕೊಟ್ಟು ಮಟ್ಟ ಮಾಡಬೇಕು. ಅಷ್ಟರಲ್ಲಿ ಮಂಜು ಇಳಿಯಿತೋ, ಹಿಂದಿನ ಶಾಟಿಗೂ ಇದಕ್ಕೂ ಬೆಳಕು ಹೊಂದುವುದಿಲ್ಲ. ಎಲ್ಲರೂ ಕೂತು ಕಾಯಬೇಕು. ತಮಾಷೆಯೆಂದರೆ ಮಳೆಯದ್ದು! ಮಳೆಗಾಲ ಪೂರ್ತಿ ಆಕಾಶವೇ ತೂತಾದಂತೆ ಸುರಿಯುವ ನಮ್ಮೂರಿಗೆ ಬೇಸಿಗೆಯಲ್ಲಿ ಬಂದು, ಟ್ಯಾಂಕರಿನಲ್ಲಿ ನೀರು ತಂದು ಮಳೆ ಸುರಿಸುತ್ತಾರೆ. ನಗಬೇಡಿ, ಅದಕ್ಕೂ ಕಾರಣವಿದೆ. ಹನಿಯ ಹಿಂದಿನಿಂದ ಲೈಟು ಬಿದ್ದರೇನೇ ಮಳೆ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣೋದು. ಆ ಲೈಟನ್ನು ಕೆಸರಲ್ಲಿ ಹೊತ್ತು ನಿಲ್ಲಿಸುವವನು ಮಾತ್ರ ಯಾರಿಗೂ ಕಾಣೋದಿಲ್ಲ.

ಈಗ ತೆರೆಯ ಕಡೆ ತಿರುಗಿ. ಪುಟ್ಟಣ್ಣನವರೇ 1981ರಲ್ಲಿ 'ರಂಗನಾಯಕಿ' ಕೊಟ್ಟರು. ನಾಟಕ ಕಂಪನಿಯಿಂದ ಸಿನಿಮಾಕ್ಕೆ ಹೋಗಿ ಮೆರೆದ ನಟಿಯ ಒಂಟಿತನವನ್ನು ಆರತಿ ಬಾಳಿ ತೋರಿಸಿದರು. 1977ರ ಹಿಂದಿ 'ಭೂಮಿಕಾ'ಕ್ಕೆ ಚಿತ್ರಕಥೆ ಬರೆದವರಲ್ಲಿ ನಮ್ಮ ಗಿರೀಶ್ ಕಾರ್ನಾಡರೂ ಒಬ್ಬರು, ಅದರಲ್ಲಿ ಅನಂತನಾಗ್ ಕೂಡ ಇದ್ದರು. ಅದೂ ತಾರೆಯ ಕಥೆಯೇ. 1998ರ 'ಎ' ಬಂದಾಗ ಥಿಯೇಟರುಗಳಲ್ಲಿ ಸಿಳ್ಳೆಯೋ ಸಿಳ್ಳೆ! ಉಪೇಂದ್ರ ಕಥೆಯನ್ನು ಹಿಂದುಮುಂದು ಮಾಡಿ, ಗಾಂಧಿನಗರದ ಕೊಳಕನ್ನು ಮುಚ್ಚುಮರೆಯಿಲ್ಲದೆ ಬಿಚ್ಚಿದರು. ಧೈರ್ಯದ ಚಿತ್ರ, ಎರಡು ಮಾತಿಲ್ಲ. ಆದರೆ ಅಲ್ಲೂ ಕ್ಯಾಮೆರಾ ನಿರ್ದೇಶಕನ ಗಡ್ಡ ಬಿಟ್ಟು ಬಹಳ ದೂರ ಹೋಗಲಿಲ್ಲ ಅಂತ ನನ್ನ ದೂರು.

ಗುರುದತ್ತರ 'ಕಾಗಜ್ ಕೇ ಫೂಲ್' (1959) ಇನ್ನೊಂದು. ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಕೋಲಿನಂತೆ ಇಳಿಯುವ ಆ ಬೆಳಕು! ಅದನ್ನು ಸೆರೆಹಿಡಿದದ್ದು ಮೈಸೂರಿನವರಾದ ವಿ.ಕೆ. ಮೂರ್ತಿ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದ್ದರು. ಸರಿ, ಆ ಕನ್ನಡಿಗಳನ್ನು ಹೊತ್ತು ತಂದು ನಿಲ್ಲಿಸಿದವರ ಹೆಸರೇನು? ಸಿನಿಮಾದ ಕಷ್ಟವನ್ನೇ ಹೇಳುವ ಆ ಚಿತ್ರದಲ್ಲೂ ಅವರಿಗೆ ಕಥೆಯಿಲ್ಲ.

ಕೆಳಗಿದ್ದವನ ಕಡೆ ತಿರುಗಿದ ಕನ್ನಡ ಚಿತ್ರವೆಂದರೆ ಪವನ್ ಕುಮಾರರ 'ಲೂಸಿಯಾ' (2013). ಪ್ರೇಕ್ಷಕರಿಂದಲೇ ದುಡ್ಡು ಕೂಡಿಸಿ ತೆಗೆದದ್ದು. ಸತೀಶ್ ನೀನಾಸಂ ಥಿಯೇಟರಿನಲ್ಲಿ ಟಾರ್ಚು ಬಿಡುವ ಹುಡುಗ, ಇನ್ನೊಂದು ಕಡೆ ದೊಡ್ಡ ಸ್ಟಾರು. ಸ್ಟಾರಿನ ಬದುಕು ಕಪ್ಪು-ಬಿಳುಪು, ಟಾರ್ಚಿನವನದು ಬಣ್ಣ! ಗುಟ್ಟೇನೆಂದು ನಾನು ಹೇಳಲ್ಲ, ನೋಡದವರು ನೋಡಿ.

ಹೀರೋ ಆಗಲು ಕಳಸದಿಂದ ಬೆಂಗಳೂರು ಬಸ್ಸು ಹತ್ತುವ ತಮ್ಮಂದಿರೇ, ನೀವು ಮೊದಲು ನೋಡಬೇಕಾದ್ದು ಹೃಷಿಕೇಶ್ ಮುಖರ್ಜಿಯವರ 'ಗುಡ್ಡಿ' (1971). ಧರ್ಮೇಂದ್ರನ ಹುಚ್ಚು ಹಿಡಿದ ಹುಡುಗಿ ಜಯಾ ಭಾದುರಿಗೆ ಧರ್ಮೇಂದ್ರನೇ ಸ್ಟುಡಿಯೋದ ಒಳಹೊರಗು ತೋರಿಸುತ್ತಾನೆ. ನನ್ನ ಕಣ್ಣು ನೆಟ್ಟದ್ದು ಮಾತ್ರ ಅಸ್ರಾನಿಯ ಮೇಲೆ. ಹೀರೋ ಆಗಲು ಮನೆಬಿಟ್ಟು ಬಂದು ಎಕ್ಸ್‌ಟ್ರಾ ಆಗಿ ಉಳಿದ ಕುಂದನ್.

ನಮ್ಮಲ್ಲೂ ಒಬ್ಬ ಕುಂದನ್ ಇದ್ದಾನೆ. ಎಸ್ಟೇಟಿನ ಲೈನುಮನೆಯ ಹುಡುಗ, ಹೀರೋ ಆಗ್ತೀನಿ ಅಂತ ಓಡಿಹೋದವನು. ಕೊಟ್ಟಿಗೆಹಾರದ ಹತ್ತಿರ ಯೂನಿಟ್ಟೊಂದು ಬಂದಾಗ ನೋಡ್ತೀನಿ, ರಿಫ್ಲೆಕ್ಟರ್ ಹಿಡಿದು ನಿಂತಿದ್ದಾನೆ! "ಏನೋ, ಯಾವ ಪಿಚ್ಚರ್‌ನಲ್ಲಿ ಕಾಣ್ತೀಯ?" ಅಂದೆ.

"ನಾವು ಕಾಣಬಾರದು ಅಣ್ಣಾ. ಕಂಡ್ರೆ ಕಟ್ ಅಂತಾರೆ," ಅಂತ ನಕ್ಕ. ಬಾಟಾ ಸರಿಯಾಗಿ ಬರುತ್ತಂತೆ, ಮನೆಗೂ ಕಳಿಸ್ತಾನಂತೆ. ವಾಪಸ್ ಬರ್ತೀಯಾ ಅಂದರೆ ತಲೆ ಅಲ್ಲಾಡಿಸಿದ, ಹೌದೋ ಅಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನ ಅವನ ಅವ್ವ ತೋಟದ ಕೆಲಸ ಬಿಟ್ಟು ಮಗನನ್ನು ನೋಡಲು ಬಂದಳು. ಶಾಟ್ ರೆಡಿ. ಹೀರೋ ಓಡಿ ಬರಬೇಕು, ಮಗನ ಕೈಯಿಂದ ಬಿಸಿಲು ಹೀರೋನ ಮುಖಕ್ಕೆ. ಅವ್ವ ಹತ್ತಿರ ಹತ್ತಿರ ಬರ್ತಾ ಇದ್ದಳು. ಅವನು ಕೈ ಅಲುಗಿಸದೆ, ತಿರುಗಿಯೂ ನೋಡದೆ ಪಿಸುಗುಟ್ಟಿದ: "ಅವ್ವಾ, ಆ ಕಡೆ ನಿಂತ್ಕೊ. ಫ್ರೇಮಿಗೆ ಬರ್ತೀಯ."